ಪುತ್ತಿಗೆಯ ಬಾವಿಕಟ್ಟೆಯಲ್ಲಿ ಮೂರು ವಾರ

ಪುತ್ತಿಗೆ ಎಂದರೆ ಕೆಲವರಿಗೆ ಉಡುಪಿಯ ಅಷ್ಟಮಠ ನೆನಪಾಗುತ್ತದೆ. ಕುಂಬಳೆ ಕಡೆಯವರು ತಮ್ಮ ಪಕ್ಕದ ಪುತ್ತಿಗೆ ಎಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಮೂಡುಬಿದಿರೆ ಪಕ್ಕದ ಪುತ್ತಿಗೆ. ಚೌಟ ಅರಸರು ಮೂಡುಬಿದಿರೆಗೆ ಬರುವ ಮೊದಲು ಇಲ್ಲಿಂದಲೇ ಆಳುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕನೂ ಅದೇ ವಂಶದವಳು. ಸೋಮನಾಥೇಶ್ವರ ದೇವಸ್ಥಾನ, ಅಡಕೆ ತೋಟ, ಕೆಂಪು ಗುಡ್ಡೆ, ಬೆಳಿಗ್ಗೆ ಶಾಲೆ ಬಸ್ಸುಗಳ ಗದ್ದಲ, ಇಷ್ಟು ಹೇಳಿದರೆ ಊರಿನ ಚಿತ್ರ ಸಿಕ್ಕೀತು.

ಕಳೆದ ಬೇಸಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದದ್ದು ಇಬ್ಬರು ಮಕ್ಕಳ ದೆಸೆಯಿಂದ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರೂ ಒಂಬತ್ತನೇ ತರಗತಿ ಮುಗಿಸಿದವರು, ಅದೇ ಊರಿನವರು. ನಾನಿರುವ ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಕ್ಕೆ ಮೂರು ವಾರ ಸಂಶೋಧನೆ ಕಲಿಯಲು ಬಂದಿದ್ದರು. ಶಾಲಾ ಮಕ್ಕಳಿಗೆ ಸಂಶೋಧನೆಯ ರುಚಿ ತೋರಿಸುವುದು ಹೊಸ ಸಂಗತಿಯೇನಲ್ಲ. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ನೋಡಿಕೊಳ್ಳುತ್ತಿತ್ತು. ಹನ್ನೊಂದನೇ ತರಗತಿಯವರೂ ಅದರಲ್ಲಿ ಆಯ್ಕೆಯಾಗುತ್ತಿದ್ದರು. 2022ರಲ್ಲಿ ಅದು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ನಮ್ಮದು ಅಷ್ಟು ದೊಡ್ಡದಲ್ಲ. ಇಬ್ಬರು ಮಕ್ಕಳು, ಒಂದು ಹಗ್ಗ, ಐದು ಬಾವಿ.

ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ, ದಿನಕ್ಕೆರಡು ಸಲ ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಅಳೆಯಬೇಕು. ಮೊದಲ ಎರಡು ದಿನದ ಲೆಕ್ಕ ದಂಡವಾಯಿತು. ಹುಡುಗ ಕಟ್ಟೆಯ ಮೇಲಿನಿಂದ ಅಳೆದಿದ್ದ, ಹುಡುಗಿ ನೆಲದಿಂದ. ಇದನ್ನು ಮೊದಲೇ ಹೇಳಿಕೊಡದಿದ್ದುದು ನನ್ನ ತಪ್ಪು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೂ ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ. ಅಜ್ಜ ಅಜ್ಜಿಯರಿಗೆ ಇದು ಗೊತ್ತು, ಕಾರಣ ಮಕ್ಕಳಿಗೆ ಹೇಳುತ್ತೇನೆ. ನಮ್ಮ ಗುಡ್ಡೆಗಳೆಲ್ಲ ಮುರಕಲ್ಲು. ಕೇರಳದ ಅಂಗಾಡಿಪ್ಪುರಂನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅದರ ಮೈತುಂಬ ತೂತು. ಬಿದ್ದ ಮಳೆಯ ಬಹುಪಾಲು ಬೇಗನೆ ಜಾರಿ ತೋಡು, ಹೊಳೆ, ಸಮುದ್ರ ಸೇರುತ್ತದೆ. ಮುರಕಲ್ಲಿನ ಕೆಳಗಿರುವ ಶೇಡಿ ಮಣ್ಣು ಮಾತ್ರ ನೀರನ್ನು ಹಿಡಿದಿಟ್ಟುಕೊಂಡು ಬಹಳ ನಿಧಾನಕ್ಕೆ ಬಿಡುತ್ತದೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಗುಡ್ಡದೊಳಕ್ಕೆ ಒಬ್ಬರೇ ಸುರಂಗ ಕೊರೆದು ಇಂಥ ಒಸರು ನೀರಿನಲ್ಲೇ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಐದರಲ್ಲಿ ಒಂದು ಬಾವಿ ಅಜ್ಜಿಯೊಬ್ಬರದು, ಹುಡುಗನ ಮನೆಯಿಂದ ಕೂಗಳತೆ. ನಾನು ಹೋದಾಗಲೆಲ್ಲ ಪುನರ್ಪುಳಿ ಶರಬತ್ತು ಕುಡಿಯದೆ ಅಂಗಳ ದಾಟುವಂತಿರಲಿಲ್ಲ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಅಜ್ಜಿಯ ಮಗ ಬಾವಿ ಸತ್ತಿತೆಂದು ತೀರ್ಮಾನಿಸಿ ಬೋರ್‌ವೆಲ್ ಲಾರಿಗೆ ಹೇಳಿಬಿಟ್ಟಿದ್ದರು. ಸೋಮವಾರ ಬರುವುದಿತ್ತು. ಅಜ್ಜಿಗೆ ಮನಸ್ಸಿಲ್ಲ.

ಎರಡನೇ ವಾರದ ಕೊನೆಗೆ ನಾನು ಹುಡುಗನ ಪುಸ್ತಕ ನೋಡಿದೆ. ಅಜ್ಜಿಯ ಬಾವಿಯ ಗೆರೆ ನುಣ್ಣಗೆ, ಚೆಂದವಾಗಿ ಇಳಿದಿತ್ತು. “ಭೇಷ್” ಎಂದೆ. ಪಕ್ಕದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದ ಅಜ್ಜಿ ತಲೆಯೆತ್ತಿದರು.

“ಬುಧವಾರದ್ದು ಎಷ್ಟು ಬರೆದಿದ್ದಾನೆ?”

ಹೇಳಿದೆ.

“ಅದು ಹೇಗಾಗ್ತದೆ? ಆ ದಿನ ಮಗ ತೋಟಕ್ಕೆ ಎರಡು ಗಂಟೆ ಪಂಪು ಬಿಟ್ಟಿದ್ದ. ಸಂಜೆ ನನಗೆ ಒಂದು ಕೊಡಪಾನ ತುಂಬಲಿಲ್ಲ. ಬೆಳಿಗ್ಗೆ ನೋಡಿದರೆ ನೀರಿತ್ತು.”

ಹುಡುಗನ ಕಿವಿ ಕೆಂಪಾಯಿತು. ಬುಧವಾರ ಅವನು ಕಾರ್ಕಳದಲ್ಲಿ ನೆಂಟರ ಮದುವೆಯಲ್ಲಿದ್ದ. ಮಂಗಳವಾರ, ಗುರುವಾರಗಳ ನಡುವಿನ ಸಂಖ್ಯೆಯನ್ನು ಬರೆದುಬಿಟ್ಟಿದ್ದ. “ಖಾಲಿ ಬಿಟ್ಟರೆ ಸರ್ ಬೈಯ್ಯುತ್ತಾರೆ ಅಂತ” ಎಂದ. ಮೂರು ವಾರದಲ್ಲಿ ನಾನು ಎಷ್ಟು ಸಲ “ಒಂದು ದಿನವೂ ತಪ್ಪಬಾರದು” ಎಂದಿದ್ದೆನೋ! ಬೈಯುವ ಬಾಯಿ ನನಗಿರಲಿಲ್ಲ. ಆ ಬಾವಿ ಬದುಕಿದೆಯೋ ಇಲ್ಲವೋ ಎಂದು ಹೇಳಬಲ್ಲ ಸಂಜೆ ಅದೊಂದೇ ಆಗಿತ್ತು. ಅದೇ ನಮ್ಮ ಪುಸ್ತಕದಲ್ಲಿ ಇಲ್ಲ. ನುಣ್ಣಗಿನ ಗೆರೆ ಕಂಡು ಹಿಗ್ಗಿದವನು ನಾನು.

ರಬ್ಬರ್ ತೆಗೆದ ಹುಡುಗನನ್ನು ತಡೆದೆ. ಸಂಖ್ಯೆಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಅಳೆದಿಲ್ಲ’ ಎಂದು ಬರೆದ. ಆಮೇಲೆ ಹುಡುಗಿಯೇ ಕೇಳಿದಳು, “ಅಜ್ಜಿ, ಇನ್ನೊಂದು ಸಲ ಪಂಪು ಬಿಡಬಹುದಾ?”

ಶನಿವಾರ ಸಂಜೆ ಬಿಟ್ಟೆವು. ನೀರು ಒಂದಡಿಗೆ ಇಳಿಯಿತು. ರಾತ್ರಿಯಿಡೀ ಅರ್ಧ ಗಂಟೆಗೊಮ್ಮೆ ಟಾರ್ಚ್ ಹಿಡಿದು ಅಳತೆ. ಹುಡುಗಿಯ ಅಪ್ಪ ಜಗಲಿಯಲ್ಲಿ ಕಾವಲು, ಅಜ್ಜಿ ಒಳಗೆ ಗಂಜಿ ಬೇಯಿಸುತ್ತ “ಅದಕ್ಕೂ ನನ್ನ ಹಾಗೆ ಪ್ರಾಯ ಆಯ್ತು, ಅವಸರ ಮಾಡಿದರೆ ಆಗ್ತದಾ” ಎಂದು ಗೊಣಗಾಟ. ನಡುರಾತ್ರಿ ಕಳೆದ ಮೇಲೆ ಹುಡುಗ ಒಬ್ಬನೇ ಅಳೆದ. ನನ್ನನ್ನು ಎಬ್ಬಿಸಲೇ ಇಲ್ಲ. ಬೆಳಿಗ್ಗೆ ಆರಕ್ಕೆ ನೀರು ನಾಲ್ಕಡಿ ಇತ್ತು.

ಅಜ್ಜಿಯ ಮಗ ಪುಸ್ತಕವನ್ನು ಎರಡು ಸಲ ಓದಿದರು. ದಿನಕ್ಕೆ ಎರಡು ಗಂಟೆಯ ಬದಲು ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ಪಂಪು ಬಿಟ್ಟು ನೋಡುವುದೆಂದಾಯಿತು. ಲಾರಿಯವನಿಗೆ ಫೋನು ಹೋಯಿತು, ಈ ವರ್ಷಕ್ಕೆ ಬೇಡ ಎಂದು. ಮುಂದಿನ ವರ್ಷದ ಮಾತು ಅವರೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಕೊನೆಯ ದಿನ ವಿಭಾಗದಲ್ಲಿ ಮಕ್ಕಳು ತಮ್ಮ ನಕ್ಷೆ ತೋರಿಸಿದರು. ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ಏರಿಸಿ, “ಇಲ್ಲಿ ಗೆರೆ ಯಾಕೆ ತುಂಡಾಗಿದೆ?” ಎಂದರು.

“ಆ ದಿನ ನಾನು ಅಳೆಯಲಿಲ್ಲ ಸರ್. ಮದುವೆಗೆ ಹೋಗಿದ್ದೆ.”

“ಊಟ ಹೇಗಿತ್ತು?” ಎಂದು ಕೇಳಿ ಅವರು ಮುಂದಿನ ಬಾವಿಗೆ ಹೋದರು.

ಗಂಟಿನ ಹಗ್ಗ ಈಗಲೂ ಅಜ್ಜಿಯ ಬಾವಿಯ ರಾಟೆ ಪಕ್ಕದಲ್ಲಿ ತೂಗುತ್ತಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹುಡುಗ ಫೋನು ಮಾಡಿದ್ದ. ಅಜ್ಜಿಯೇ ಅಳೆದು ಬರೆಸುತ್ತಿದ್ದಾರಂತೆ, ಆದರೆ ಅಡಿಯಲ್ಲಲ್ಲ, ಕೋಲಿನ ಲೆಕ್ಕದಲ್ಲಿ.