ಹೊಸ ಚುಕ್ಕಿಯ ಗುರುತು

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ, ಬಂಡೀಪುರದ ಕಾಡಂಚಿನ ಹೊಲಗಳಲ್ಲಿ, ಫಸಲಿನ ಕಾಲದಲ್ಲಿ ರೈತರು ಅಟ್ಟಣೆಯ ಮೇಲೆ ಕುಳಿತು ಇರುಳೆಲ್ಲ ಕಾವಲು ಕಾಯುತ್ತಾರೆ. ಎಲ್ಲಿ ಪೊದೆಯಿದೆ, ಎಲ್ಲಿ ಬಂಡೆಯಿದೆ ಎಂಬುದು ಕಾವಲುಗಾರನಿಗೆ ಕರತಲಾಮಲಕ. ನಿನ್ನೆ ಇಲ್ಲದ ನೆರಳೊಂದು ಇಂದು ಕಂಡರೆ ಅವನು ಒಡನೆಯೇ ಎಚ್ಚರಗೊಳ್ಳುತ್ತಾನೆ. ಹಳೆಯದನ್ನು ಚೆನ್ನಾಗಿ ಬಲ್ಲವನ ಕಣ್ಣಿಗೆ ಮಾತ್ರ ಹೊಸದು ಹೊಸದಾಗಿ ತೋರುತ್ತದೆ.

ಖಗೋಳ ವಿಜ್ಞಾನಿಯ ಕಾಯಕವೂ ಇಂಥದೇ ಕಾವಲು. ನಮ್ಮ ಆಕಾಶಗಂಗೆಯಿಂದಾಚೆ ಕೋಟಿ ಕೋಟಿ ಗ್ಯಾಲಕ್ಸಿಗಳಿವೆ. ಒಂದೇ ಗ್ಯಾಲಕ್ಸಿಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಹಳೆಯ ಚಿತ್ರದೊಡನೆ ಹೋಲಿಸಿದಾಗ, ಮೊದಲಿಲ್ಲದ ಚುಕ್ಕಿಯೊಂದು ಒಮ್ಮೊಮ್ಮೆ ಗೋಚರಿಸುತ್ತದೆ. ಕಂಡೊಡನೆ ಹಿಗ್ಗುವಂತಿಲ್ಲ. ಅದು ನಡುವೆ ಹಾದುಹೋಗುವ ಕ್ಷುದ್ರಗ್ರಹವಾಗಿರಬಹುದು. ಚಿತ್ರದ ದೋಷವೂ ಆಗಿರಬಹುದು. ಕೆಲಹೊತ್ತು ಬಿಟ್ಟು ಮತ್ತೆ ನೋಡಿದಾಗ ಕ್ಷುದ್ರಗ್ರಹ ಸರಿದಿರುತ್ತದೆ, ದೋಷ ಮಾಯವಾಗಿರುತ್ತದೆ. ತಾರೆ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಗುರುತು ತಪ್ಪಿದರೆ ಏನಾದೀತು? 1885ರಲ್ಲಿ ದೇವಯಾನಿ ನೀಹಾರಿಕೆಯಲ್ಲಿ ಹೊಸ ತಾರೆಯೊಂದು ಕಾಣಿಸಿತು. ಅದನ್ನು ಹಲವರು ಸಾಧಾರಣ ನೋವಾ ಎಂದೇ ಎಣಿಸಿದರು. ಸಾಧಾರಣ ನೋವಾ ಅಷ್ಟು ಪ್ರಕಾಶವಾಗಿ ಕಾಣಬೇಕಾದರೆ ದೇವಯಾನಿ ಹತ್ತಿರದಲ್ಲಿಯೇ ಇರಬೇಕು, ಆಕಾಶಗಂಗೆಯೇ ಇಡೀ ವಿಶ್ವವಾಗಿರಬೇಕು ಎಂಬ ವಾದಕ್ಕೆ ಅದು ಆಧಾರವಾಯಿತು. ಒಂದು ಚುಕ್ಕಿಯ ಹೆಸರು ತಪ್ಪಿದ್ದರಿಂದ ವಿಶ್ವವೇ ಕಿರಿದಾಗಿ ತೋರಿತು!

1923ರಲ್ಲಿ ಎಡ್ವಿನ್ ಹಬಲ್ ದೇವಯಾನಿಯ ಚಿತ್ರದಲ್ಲಿ ಚುಕ್ಕಿಯೊಂದನ್ನು ಮೊದಲು ನೋವಾ ಎಂದು ಗುರುತು ಮಾಡಿದನು. ಹಳೆಯ ಚಿತ್ರಗಳೊಡನೆ ಹೋಲಿಸಿದ ಮೇಲೆ, ಅದು ಬೆಳಕು ಏರಿಳಿಯುವ ಚರತಾರೆ ಎಂದು ತಿದ್ದಿದನು. ಆ ಚರತಾರೆಯೇ ದೂರದ ಅಳತೆಗೋಲಾಯಿತು. ದೇವಯಾನಿ ಬೇರೆಯೇ ಗ್ಯಾಲಕ್ಸಿ ಎಂದು ಸಿದ್ಧವಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಇಂದು ತಿಳಿದಿದೆ. ಅಂದ ಮೇಲೆ 1885ರ ತಾರೆ ಸಾಧಾರಣ ನೋವಾಕ್ಕಿಂತ ಸಾವಿರಾರು ಪಟ್ಟು ಪ್ರಖರವಾಗಿದ್ದಿರಲೇಬೇಕು. ಇಂಥ ತಾರೆಗಳನ್ನು ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಝ್ವಿಕಿ 1934ರ ಲೇಖನಗಳಲ್ಲಿ ‘ಸೂಪರ್‌ನೋವಾ’ ಎಂದು ಕರೆದರು.

ಇವೆರಡರ ಭೇದವೇನು? ಬಾಳಿನ ಕೊನೆಯಲ್ಲಿ ಕುಗ್ಗಿದ ಶ್ವೇತಕುಬ್ಜವೊಂದು ತನ್ನ ಜೊತೆಯ ತಾರೆಯಿಂದ ಜಲಜನಕವನ್ನು ಸೆಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಶೇಖರವಾದ ಆ ಜಲಜನಕ ಹೊತ್ತಿಕೊಂಡರೆ ಅದು ನೋವಾ. ತಾರೆ ಉಳಿಯುತ್ತದೆ, ದೇವಯಾನಿಯ ಒಂದು ತಾರೆಯಂತೂ ಸುಮಾರು ವರ್ಷಕ್ಕೊಮ್ಮೆ ಹೀಗೆ ಉರಿಯುತ್ತದೆ. ಸೂಪರ್‌ನೋವಾ ಎಂದರೆ ತಾರೆಯ ಅಂತ್ಯ. ಬೃಹತ್ ತಾರೆಯ ಒಡಲು ಕುಸಿದು ಸಿಡಿಯುವುದು ಒಂದು ಬಗೆ. ಶ್ವೇತಕುಬ್ಜ ಇಡಿಯಾಗಿ ಸಿಡಿದು ನಿರ್ನಾಮವಾಗುವುದು ಇನ್ನೊಂದು. ಶ್ವೇತಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚಿನ ರಾಶಿಯನ್ನು ತಾಳಲಾರದೆಂದು ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ಚುಕ್ಕಿಯ ಕುಲವನ್ನು ಹೇಳುವುದು ಅದರ ರೋಹಿತ. 1941ರಲ್ಲಿ ರುಡಾಲ್ಫ್ ಮಿಂಕೊವ್‌ಸ್ಕಿ ಸೂಪರ್‌ನೋವಾಗಳನ್ನು ಎರಡಾಗಿ ವಿಂಗಡಿಸಿದನು: ರೋಹಿತದಲ್ಲಿ ಜಲಜನಕದ ಗೆರೆಗಳಿಲ್ಲದವು ಒಂದನೆಯ ವರ್ಗ, ಇರುವವು ಎರಡನೆಯ ವರ್ಗ.

1987ರ ಫೆಬ್ರವರಿ 24ರಂದು ಚಿಲಿ ದೇಶದಿಂದ ಇಯಾನ್ ಶೆಲ್ಟನ್ ಇಂಥದೊಂದನ್ನು ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೇಘದಲ್ಲಿ ಕಂಡನು. ದೂರ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ಆದರೂ ಅದು ಬರಿಗಣ್ಣಿಗೆ ಕಾಣುವಷ್ಟು ಬೆಳಗಿತು. ಚಾಮರಾಜನಗರ, ಗುಂಡ್ಲುಪೇಟೆಗಳ ಬಾನಿನಲ್ಲಿ ಆ ಮೇಘ ದಕ್ಷಿಣ ದಿಗಂತದಿಂದ ಸುಮಾರು 9 ಡಿಗ್ರಿಗಿಂತ ಮೇಲೇರದು. ತಮಿಳುನಾಡಿನ ಕಾವಲೂರಿನಲ್ಲಿಯೂ ಅದು ಅಷ್ಟೇ ತಗ್ಗಿನಲ್ಲಿರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎದೆಗುಂದದೆ ಅಲ್ಲಿನ ವೀಕ್ಷಣಾಲಯದಿಂದ ಅದರ ರೋಹಿತವನ್ನು ಪಡೆದರು. ಅದು ಎರಡನೆಯ ವರ್ಗದ್ದು. ಇಂದು ಇದೇ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ನಡೆಸಿ, ಇಂಥ ತಾರೆಗಳನ್ನು ಅಭ್ಯಸಿಸುತ್ತಾರೆ. ಆ ದೂರದರ್ಶಕಕ್ಕೆ ಚಂದ್ರಶೇಖರರ ಹೆಸರನ್ನೇ ಇಡಲಾಗಿದೆ.

ಈ ಕಾರ್ಯದಲ್ಲಿ ತ್ವರೆಯೂ ಬೇಕು. 2014ರ ಜನವರಿ 21ರಂದು ಲಂಡನ್ನಿನಲ್ಲಿ ಸ್ಟೀವ್ ಫಾಸಿ ಎಂಬ ಅಧ್ಯಾಪಕನು, ಮೋಡ ಕವಿಯುವ ಮುನ್ನ ದೊರೆತ ಅಲ್ಪಾವಧಿಯಲ್ಲಿ, ವಿದ್ಯಾರ್ಥಿಗಳಿಗೆ ದೂರದರ್ಶಕದ ಪಾಠ ಹೇಳುತ್ತಿದ್ದನು. ಆಗಲೇ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ ಹೊಸ ಸೂಪರ್‌ನೋವಾ ಅವರ ಕಣ್ಣಿಗೆ ಬಿತ್ತು. ಇಂದು ತಪ್ಪಿಹೋದ ಬೆಳಕು ನಾಳೆ ಮರಳಿ ಬಾರದು.

ದೂರದ ಈ ಸಿಡಿತಕ್ಕೂ ಮನುಷ್ಯನಿಗೂ ಏನು ನಂಟು? ನೇಗಿಲಿನ ಗುಳದಲ್ಲಿರುವ ಕಬ್ಬಿಣ, ನೆತ್ತರಿನಲ್ಲಿರುವ ಕಬ್ಬಿಣ, ಬಹುಮಟ್ಟಿಗೆ ಹಿಂದೆಂದೋ ಸಿಡಿದ ಸೂಪರ್‌ನೋವಾಗಳ ಕೊಡುಗೆ. ನವೆಂಬರ್, ಡಿಸೆಂಬರ್ ತಿಂಗಳ ಮೋಡವಿಲ್ಲದ ಸಂಜೆ, ಊರ ದೀಪಗಳಿಂದ ದೂರ ಸರಿದು ಉತ್ತರದ ಬಾನಿನೆತ್ತರದಲ್ಲಿ ಅರಸಿದರೆ, ದೇವಯಾನಿ ಮಸುಕಾದ ಬೆಳಕಿನ ಕಲೆಯಂತೆ ಬರಿಗಣ್ಣಿಗೇ ಕಾಣುತ್ತದೆ. ದೀಪಗಳ ಪ್ರಭೆ ಹೆಚ್ಚಿದ ಕಡೆ ಅದು ಅಳಿಸಿಹೋಗುತ್ತದೆ. 25 ಲಕ್ಷ ವರ್ಷ ಪಯಣಿಸಿ ಬಂದ ಬೆಳಕಿಗೆ ತಂಗಲು ಒಂದಿಷ್ಟು ಕತ್ತಲೆಯನ್ನು ಉಳಿಸಿಕೊಳ್ಳುವುದು ಊರಿನವರ ಕೈಯಲ್ಲಿದೆ.