ಶೋ ಗಿಡವೋ, ಹಣ್ಣಿನ ಗಿಡವೋ?

ನಮ್ಮ ಬೀದರ್ ಕಡೆ ‘ಮರ’ ಅನ್ನೋ ಮಾತು ಕಡಿಮೆ. ಆಳೆತ್ತರದ ದಾಸವಾಳವೂ ಗಿಡವೇ, ಅಜ್ಜನ ಕಾಲದ ಹುಣಸೆಯೂ ಗಿಡವೇ. ಅದನ್ನು ನೆಡೋದೂ ಇಲ್ಲ, ಹಚ್ಚೋದು. ಇತ್ತೀಚೆಗೆ ಈ ಗಿಡಗಳಲ್ಲೇ ಎರಡು ಜಾತಿ ಆಗಿವೆ. ಯಾವ ನರ್ಸರಿಗೆ ಹೋದರೂ ಮೊದಲ ಪ್ರಶ್ನೆ ಅದೇ: “ಶೋ ಗಿಡ ಬೇಕ್ರಿ, ಹಣ್ಣಿಂದ ಬೇಕ್ರಿ?” ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಗಾಡಿಗೆ ಜಾಗ ಬಿಟ್ಟು, ಸಂಪ್ ತೋಡಿ, ಮಿಕ್ಕ ಮಣ್ಣಿನಲ್ಲಿ ಒಂದೋ ಎರಡೋ ಗಿಡ ಹಚ್ಚೋಣ ಅಂದುಕೊಂಡವರೆಲ್ಲ ಇದಕ್ಕೆ ಉತ್ತರ ಕೊಡಲೇಬೇಕು. ದೂರದ ಊರಲ್ಲಿ ಕೂತು ಫೋನಿನಲ್ಲೇ ಮನೆ ನಡೆಸುವ ನನ್ನಂಥವರಿಗೆ ಇದು ಇನ್ನೂ ಕಷ್ಟದ ಪ್ರಶ್ನೆ.

ನಮ್ಮ ಮನೆ ಬೀದರ್‌ನ ಚಿದ್ರಿಯಲ್ಲಿದೆ. ಭಾಲ್ಕಿ ತಾಲೂಕಿನ ಹಳ್ಳಿ ಬಿಟ್ಟು ಅಪ್ಪ-ಅವ್ವ ಇಲ್ಲಿಗೆ ಬಂದರು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ. ನಾನು ಸುಮಾರು 700 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ. ಗಿಡದ ಮಾತು ಬಂದಾಗ ನನ್ನ ಓಟು ಶೋ ಗಿಡಕ್ಕೆ, ಅವಳ ಓಟು ಹಣ್ಣಿನ ಗಿಡಕ್ಕೆ ಬಿತ್ತು.

ನನ್ನ ವಾದ ಸರಳ. ಹಣ್ಣಿನ ಗಿಡ ಅಂದರೆ ಕೆಲಸ. ಕೊಂಬೆ ಸವರಬೇಕು, ಹುಳ ನೋಡಬೇಕು, ಉದುರಿದ್ದು ಗುಡಿಸಬೇಕು. ಬಾವಲಿ, ಗಿಳಿ, ಕಲ್ಲು ಎಸೆಯುವ ಹುಡುಗರು ಬೇರೆ. ಮೊಣಕಾಲು ನೋವಿನ ಹೆಂಗಸಿಗೆ ಇದೆಲ್ಲ ಯಾಕೆ? ಚೆಂದದ ಹೂವಿನ ಗಿಡ ಒಂದಿದ್ದರೆ ನೆರಳೂ ಆಯ್ತು, ನೋಡಲಿಕ್ಕೂ ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲೋ ಮೇಂಟೆನೆನ್ಸ್.

ವಾದ ಗೆಲ್ಲೋಕಂತ ಒಂದೊಂದೇ ಗಿಡದ ಜಾತಕ ತೆಗೆದೆ. ಮೊದಲು ನೆಲ ನೋಡಬೇಕಲ್ಲ. ಬೀದರ್ ಕೂತಿರೋದು ಜಂಬಿಟ್ಟಿಗೆಯ ಮೇಲೆ. ಒಂದಡಿ ಅಗೆದರೆ ಕೆಂಪು ಮೊರಂ, ಇನ್ನೊಂದಡಿ ಅಗೆದರೆ ಹಾರೆ ಠಣ್ ಅನ್ನುತ್ತದೆ. ವರ್ಷದ ಮಳೆ 800ರಿಂದ 900 ಮಿಲಿಮೀಟರ್ ಆಸುಪಾಸು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಬಿದ್ದ ನೀರು ಈ ತೂತು ತೂತು ಕಲ್ಲಿನೊಳಗೆ ಇಳಿದುಹೋಗುತ್ತದೆ. ಹೀಗೆ ಇಳಿದ ನೀರನ್ನೇ ಹಿಡಿಯಲು ಬಹಮನಿಗಳ ಕಾಲದವರು ನೌಬಾದಿನಲ್ಲಿ ನೆಲದಡಿ ಕರೇಜ್ ಕೊರೆದರು, ನಮ್ಮ ಜನ ಸುರಂಗ ಬಾವಿ ಅನ್ನೋದು ಅದನ್ನೇ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಇಂಥಲ್ಲಿ ಎಳೆಯ ಸಸಿಗೆ, ಅದು ಶೋ ಆಗಲಿ ಹಣ್ಣಿನದಾಗಲಿ, ಮೊದಲ ಎರಡು ಬೇಸಿಗೆ ಕೊಡ ಹಿಡಿದು ನೀರು ಹಾಕಲೇಬೇಕು. ಲೋ ಮೇಂಟೆನೆನ್ಸ್ ಶುರುವಾಗೋದೇ ಆಮೇಲೆ.

ಇನ್ನು ಗಿಡಗಳು. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಮೇ ತಿಂಗಳಲ್ಲಿ ಬೆಂಕಿ ಹತ್ತಿದ ಹಾಗೆ ಅರಳುತ್ತದೆ. ಆದರೆ ಅದರ ಬೇರು ಮೇಲೆ ಮೇಲೆ ಹರಡಿ ಕಾಂಪೌಂಡ್ ಎತ್ತುತ್ತದೆ, ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ, ಬಿಸಿಲು ಏರುವ ಮಾರ್ಚಿನಲ್ಲಿ ಬೋಳಾಗಿ ನಿಂತಿರುತ್ತದೆ. ಬೆಂಗಳೂರಿಗರ ಫೋನ್ ತುಂಬಿರುವ ಗುಲಾಬಿ ಟಬೂಬಿಯಾದ್ದೂ ಇದೇ ಕಥೆ: ಎಲೆ ಉದುರಿಸಿ ಹೂ ಬಿಡುತ್ತದೆ, ಫೋಟೋ ಚೆಂದ, ಬುಡದಲ್ಲಿ ಬಿಸಿಲು. ಕಂಬದಂತೆ ನೆಟ್ಟಗೆ ಏರುವ, ಎಲ್ಲರೂ ಅಶೋಕ ಅನ್ನುವ ಆ ಗಿಡ ಅಸಲಿ ಅಶೋಕವೂ ಅಲ್ಲ, ಅದರ ನೆರಳು ಒಂದು ಕುರ್ಚಿಗೂ ಸಾಲದು. ಬೇಗ ಹಸಿರು ಗೋಡೆ ಎಬ್ಬಿಸುವ ಕೊನೊಕಾರ್ಪಸ್ ಅನ್ನಂತೂ ಗುಜರಾತ್ ಸರ್ಕಾರ 2023ರಲ್ಲಿ ನರ್ಸರಿ ಮತ್ತು ಅರಣ್ಯ ಪ್ರದೇಶಗಳಲ್ಲಿ ನಿಷೇಧಿಸಿತು. ಪರಾಗದಿಂದ ಅಲರ್ಜಿ, ಬೇರಿನಿಂದ ನೆಲದಡಿಯ ಪೈಪು-ಕೇಬಲ್‌ಗೆ ತೊಂದರೆ ಅನ್ನೋದು ಕೊಟ್ಟ ಕಾರಣ.

ಹಾಗಂತ ಹೂವಿನ ಮರಗಳೆಲ್ಲ ದಂಡ ಅಂತ ನಾನು ಹೇಳಲ್ಲ. ಅವುಗಳ ಜಾಗ ರಸ್ತೆ ಮತ್ತು ಪಾರ್ಕು. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲೂ ಊರಿನ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಲಿ ಅಂತ ಲೆಕ್ಕ ಹಾಕಿ ಮರ ಆರಿಸಿದವರು. ರಸ್ತೆಯ ಗಿಡಕ್ಕೆ ಮನೆಯವರು ಅಂತ ಯಾರೂ ಇರಲ್ಲ. ಅಲ್ಲಿ ನೇರಳೆ ಉದುರಿದರೆ ಕಾರಿನ ಮೇಲೆ ಕಲೆ, ಮಾವು ಬಿಟ್ಟರೆ ಕಲ್ಲಿನ ಸುರಿಮಳೆ. ಯಾರೂ ಕಾಯಬೇಕಾಗಿಲ್ಲದ ಹೂವು ಅಲ್ಲಿ ಸರಿ.

ಲಾಲ್‌ಬಾಗ್ ನಮ್ಮ ಬೀದರ್ ಕೋಟೆಯೊಳಗೂ ಒಂದಿದೆ, ಸೋಲಾ ಖಂಬ ಮಸೀದಿಯ ಎದುರಿಗೆ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ಸುಲ್ತಾನರಿಗೆ ಪರ್ಷಿಯಾದ ನಂಟು ಗಟ್ಟಿ. ಪರ್ಷಿಯಾದ ತೋಟದ ಪದ್ಧತಿಯಲ್ಲಿ ಗುಲಾಬಿಯ ಪಕ್ಕದಲ್ಲೇ ದಾಳಿಂಬೆ. ನೋಡೋಕೆ ಬೇರೆ ತೋಟ, ತಿನ್ನೋಕೆ ಬೇರೆ ತೋಟ ಅಂತಿಲ್ಲ. ಹಳ್ಳಿಯಲ್ಲೂ ಇರಲಿಲ್ಲ. ಮನೆ ಮುಂದಿನ ಬೇವಿನ ಗಿಡವನ್ನು ಶೋ ಅಂತೀರಾ, ಹಣ್ಣಿನದು ಅಂತೀರಾ? ಅದರ ಹೂವು ಯುಗಾದಿಗೆ ಬೇವು-ಬೆಲ್ಲ ಆಗ್ತಿತ್ತು, ಬೀಜ ಹೊಲದ ಹುಳಕ್ಕೆ ಔಷಧಿ, ಬುಡದಲ್ಲಿ ಮಧ್ಯಾಹ್ನವಿಡೀ ಯಾರಾದರೊಬ್ಬರು ಬಾಜಿ ಮೇಲೆ ಅಡ್ಡಾಗಿರ್ತಿದ್ದರು. ಮಾವು ಒಂದು ವರ್ಷ ಕಾಯಿ ಬಿಡದಿದ್ದರೂ ತೋರಣಕ್ಕೆ ಎಲೆ ಕೊಡ್ತಿತ್ತು. ಈ ಎರಡು ಜಾತಿ ಹುಟ್ಟಿದ್ದು ನಾವು ಗೇಟ್ ಹಾಕಿಕೊಂಡ ಮೇಲೆ.

ಅವ್ವನ ವಾದವೂ ಗೇಟಿನದ್ದೇ. ಫೋನಿನಲ್ಲಿ ನಾನು ನನ್ನ ಪಟ್ಟಿ ಓದಿ ಮುಗಿಸಿದ ಮೇಲೆ ಆಕಿ ಹೇಳಿದ್ದು ಇಷ್ಟೇ: “ಹೂ ನೋಡ್ಲಾಕ ಯಾರೂ ಕದ ಬಡಿಯಲ್ಲಪ್ಪ. ಹಣ್ಣಿದ್ರ ಬರ್ತಾರ.”

ನನ್ನ ಎಕ್ಸೆಲ್ ಶೀಟಿನಲ್ಲಿ ನೀರು, ನೆರಳು, ಬೇರು, ಖರ್ಚು ಎಲ್ಲಕ್ಕೂ ಕಾಲಂ ಇತ್ತು. ಇದಕ್ಕೆ ಇರಲಿಲ್ಲ. ಚಿದ್ರಿಯ ಮನೆಗೆ ಕಾಲಿಂಗ್ ಬೆಲ್ ಇದೆ, ಹಾಲಿನವನು ಬಿಟ್ಟರೆ ಒತ್ತೋರು ಕಡಿಮೆ. ಸಂಜೆ ವಾಯುಪಡೆಯ ವಿಮಾನಗಳು ತಲೆಮೇಲೆ ಹಾರಿ ಹೋದ ಮೇಲೆ ಮತ್ತೆ ಟಿವಿ ಸದ್ದೊಂದೇ. ನಾನು ಕಡಿಮೆ ಮಾಡಲು ಹೊರಟಿದ್ದ ತಂಟೆಯೇ ಆಕಿಗೆ ಬೇಕಾಗಿತ್ತು.

ಸರಿ, ಹಣ್ಣು ಅಂತ ಆಯ್ತು. ಆದರೆ ಆಕಿಯ ಮೊಣಕಾಲು ಸುಳ್ಳಲ್ಲವಲ್ಲ. ಹಾಗಾಗಿ ಯಾವ ಹಣ್ಣು ಅನ್ನೋದು ನನ್ನ ಪಾಲಿಗೆ ಬಂತು.

ಆಕಿಯ ಮೊದಲ ಆಸೆ ಮಾವು. ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೇ ಹಣ್ಣು ಕೊಡುತ್ತದೆ ನಿಜ. ಆದರೆ ತೋಟದವರು ವಾಡಿಕೆಯಲ್ಲಿ ಗಿಡದಿಂದ ಗಿಡಕ್ಕೆ ಬಿಡುವ ಅಂತರ 10 ಮೀಟರ್. ನಮ್ಮ ಸೈಟಿನ ಅಗಲವೇ 30 ಅಡಿ. ಸವರಿ ಚಿಕ್ಕದಾಗಿಡಬಹುದು, ಆದರೆ ಮಾವು ಹೂ ಬಿಡೋದು ಬಲಿತ ಕೊಂಬೆಯ ತುದಿಯಲ್ಲಿ. ಹೊತ್ತಲ್ಲದ ಹೊತ್ತಲ್ಲಿ ಕತ್ತರಿ ಆಡಿಸಿದರೆ ಆ ವರ್ಷದ ಹಣ್ಣು ಹೋಯ್ತು.

ಪೇರಲದ ಸ್ವಭಾವ ಇದಕ್ಕೆ ಉಲ್ಟಾ. ಅದು ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ಸವರಿದಷ್ಟೂ ಚಿಗುರು. ಆರಡಿ ಎತ್ತರಕ್ಕೆ ನಿಲ್ಲಿಸಿದರೆ ನೆಲದ ಮೇಲೆ ನಿಂತೇ ಕೀಳಬಹುದು. ಎರಡು-ಮೂರು ವರ್ಷಕ್ಕೆ ಫಸಲು. ಒಂದೇ ಎಚ್ಚರಿಕೆ: ಮಳೆಗಾಲದ ಹಣ್ಣಿಗೆ ಹಣ್ಣು ನೊಣದ ಕಾಟ ಜಾಸ್ತಿ. ಬೇಸಿಗೆಯ ಹೂವು ಕಿತ್ತುಹಾಕಿ ಚಳಿಗಾಲದ ಫಸಲಿಗೆ ಕಾದರೆ ಹಣ್ಣು ಸಿಹಿ, ಹುಳವೂ ಕಡಿಮೆ.

ಸೀತಾಫಲ ಅಂತೂ ನಮ್ಮ ಕಲ್ಲುನೆಲಕ್ಕೆ ಹೇಳಿ ಮಾಡಿಸಿದ್ದು. ನೀರು ಕಡಿಮೆ ಸಾಕು, ಎಲೆಗೆ ಆಡು ಬಾಯಿ ಹಾಕಲ್ಲ, ದಸರೆ-ದೀಪಾವಳಿ ಹೊತ್ತಿಗೆ ಹಣ್ಣು. ಬೇಸಿಗೆಯಲ್ಲಿ ಎಲೆ ಉದುರಿಸಿಕೊಳ್ಳುತ್ತದೆ, ಹಾಗಾಗಿ ನೆರಳಿಗೆ ಇದನ್ನು ನಂಬಬಾರದು. ಅಂದಹಾಗೆ ಪೇರಲ, ಸೀತಾಫಲ ಎರಡೂ ಅಮೆರಿಕ ಖಂಡದಿಂದ ಬಂದವು. ‘ವಿದೇಶಿ ಗಿಡ’ ಅಂತ ಬರೀ ಗುಲ್‌ಮೊಹರ್ ಮೇಲೆ ಸಿಟ್ಟಾಗೋದು ನ್ಯಾಯ ಅಲ್ಲ.

ಕೊನೆಗೆ ಹಚ್ಚಿದ್ದು ಮೂರು. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುವ ಕಡೆ, ಕಾಂಪೌಂಡಿನ ಹೊರಗೆ ಬೇವು. ಒಳಗೆ, ಅಡುಗೆಮನೆ ಬಚ್ಚಲ ನೀರು ಹರಿಯುವ ಮಗ್ಗುಲಿಗೆ ಪೇರಲ. ಮೂಲೆಯಲ್ಲಿ ಸೀತಾಫಲ. ಪೇರಲ ಮೂರನೇ ವರ್ಷದ ಚಳಿಗಾಲಕ್ಕೆ ಚೆನ್ನಾಗಿ ಬಿಟ್ಟಿತು. ತಂಟೆ ಇಲ್ಲ ಅಂತಲ್ಲ. ಬಾವಲಿಗಳು ಪಕ್ಕದ ಮನೆಯವರ ಒಣಹಾಕಿದ ಬಟ್ಟೆ ಹಾಳುಮಾಡಿ ಒಂದು ಸಣ್ಣ ಜಗಳವೂ ಆಯ್ತು; ಒಂದು ಪುಟ್ಟಿ ಹಣ್ಣು ಗೋಡೆ ದಾಟಿದ ಮೇಲೆ ತಣ್ಣಗಾಯ್ತು. ಅದೇ ಮನೆಯ ಅಜ್ಜಿ ಈಗ ಸಂಜೆ ನಮ್ಮ ಕಟ್ಟೆ ಮೇಲೆ ಕೂತಿರ್ತಾರೆ. ಪೇರಲಕ್ಕೆ ‘ಜಾಮ್’ ಅನ್ನೋ ಅವರಿಗೂ ಅವ್ವನಿಗೂ ಹೆಸರಿನ ವಿಷಯಕ್ಕೆ ದಿನಾ ಚರ್ಚೆ.

ನಿಮ್ಮ ಊರಿನ ಮನೆಯ ಮುಂದೂ ಖಾಲಿ ಜಾಗ ಇದ್ದರೆ, ಗಿಡದ ಹೆಸರು ಹುಡುಕುವ ಮೊದಲು ಅಲ್ಲಿ ಇರೋರನ್ನು ಕೇಳಿ. ಹೆಸರು ಗೊತ್ತಾದ ಮೇಲೆ ಮೇ ತಿಂಗಳಲ್ಲೇ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ ಬಿಸಿಲಿಗೆ ಬಿಡಿ. ಮೊರಂ ಮಣ್ಣನ್ನು ವಾಪಸ್ ತುಂಬಬೇಡಿ. ಹೊಲದ ಮಣ್ಣು, ಕೊಳೆತ ತಿಪ್ಪೆಗೊಬ್ಬರ ಬೆರೆಸಿ ಇಟ್ಟುಕೊಳ್ಳಿ. ಮಿರಗದ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ ಹಚ್ಚಿ. ಆ ವಾರ ರಜೆ ಹಾಕಿ ಹೋಗೋದಾದರೆ ಇನ್ನೂ ಒಳ್ಳೆಯದು. ಗುಂಡಿ ಮುಚ್ಚೋಕೆ ಒಬ್ಬರು, ಸಸಿ ನೆಟ್ಟಗೆ ಹಿಡಿಯೋಕೆ ಒಬ್ಬರು ಬೇಕಾಗ್ತಾರೆ.