ಲಾಂಚ್ ಹತ್ತಿದ ಸಿಲಿಂಡರ್

ನನ್ನ ಸೋದರಮಾವನಿಗೆ ಒಂದೇ ಆಸೆ. ಸಿಗಂದೂರು ಸೇತುವೆ ಶುರುವಾಗುವ ಮೊದಲು ಇನ್ನೊಮ್ಮೆ ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಬೇಕು. ತೊಡಕೂ ಒಂದೇ. ಮೂಗಿಗೆ ಆಕ್ಸಿಜನ್ ಪೈಪ್ ಇಲ್ಲದೆ ಮಾವ ಬಚ್ಚಲಿಗೂ ಹೋಗಲಾರರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮಾವನಿಗೆ ಒಂಬತ್ತು ವರ್ಷ. ಮನೆ, ಗದ್ದೆ ಎಲ್ಲ ಮುಳುಗಿತು. 1981ರಲ್ಲಿ ಪೀಣ್ಯಕ್ಕೆ ಬಂದು ಒಂದು ಫೌಂಡ್ರಿ ಸೇರಿದರು. ಎರಕ ತಣ್ಣಗಾದ ಮೇಲೆ ಅದಕ್ಕೆ ಅಂಟಿದ ಮರಳು ಕೆರೆದು ಗ್ರೈಂಡಿಂಗ್ ಮಾಡುವುದು ಅವರ ಕೆಲಸ. ಮುಖಕ್ಕೆ ಟವಲ್ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ ರಕ್ಷಣೆ. ಮರಳಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಅಲ್ಲಿ ಗಾಯದ ಗಂಟುಗಳಾಗುತ್ತವೆ. ಇದೇ ಸಿಲಿಕೋಸಿಸ್. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಈ ರೋಗದ ಹೆಸರಿತ್ತು. ಆದರೆ ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಹೊತ್ತಿಗೆ ಫೌಂಡ್ರಿ ಮುಚ್ಚಿತ್ತು. ಮಾವನ ಕೈಯಲ್ಲಿ ಹಾಜರಿ ಚೀಟಿಯೂ ಇರಲಿಲ್ಲ.

ಮನೆಯಲ್ಲಿ ಕಾನ್ಸಂಟ್ರೇಟರ್ ಇದೆ. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ 21. ಈ ಯಂತ್ರ ಗಾಳಿಯಿಂದ ಸಾರಜನಕವನ್ನು ಸೋಸಿ ಶೇ 90ಕ್ಕಿಂತ ಹೆಚ್ಚು ಆಮ್ಲಜನಕ ಇರುವ ಗಾಳಿ ಕೊಡುತ್ತದೆ. ಆದರೆ ಕರೆಂಟ್ ಹೋದರೆ ನಿಂತಿತು. ಹಾಗಾಗಿ ದಾರಿಗೆ ಸಿಲಿಂಡರೇ ಗತಿ.

ಡಾಕ್ಟರ ಹತ್ತಿರ ಕೇಳಿ, ಕೂತು ಲೆಕ್ಕ ಹಾಕಿದೆ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ಮಾವನಿಗೆ ನಿಮಿಷಕ್ಕೆ 2 ಲೀಟರ್. ಅಂದರೆ 750 ನಿಮಿಷ, ಹನ್ನೆರಡೂವರೆ ಗಂಟೆ. ಪೀಣ್ಯದಿಂದ ಸಾಗರಕ್ಕೆ ಕಾರಿನಲ್ಲಿ ಏಳೆಂಟು ಗಂಟೆ. ಹೋಗಲು ಒಂದು, ಬರಲು ಒಂದು, ಟೈರ್ ಪಂಕ್ಚರ್ ಆದರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಂದು ಇನ್ನೊಂದು. ಯಂತ್ರವನ್ನೂ ಡಿಕ್ಕಿಗೆ ಹಾಕಿದೆವು, ರಾತ್ರಿ ಸಾಗರದ ನೆಂಟರ ಮನೆಯ ಕರೆಂಟಿಗೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನಾನು ಕಲಿತದ್ದು ಇಷ್ಟು. ಸಿಲಿಂಡರ್ ಉರುಳದಂತೆ ಕಟ್ಟಬೇಕು. ವಾಲ್ವ್‌ಗೆ ಎಣ್ಣೆ, ಗ್ರೀಸ್ ಸೋಕಬಾರದು, ಹತ್ತಿರ ಬೀಡಿ ಹಚ್ಚಬಾರದು. ಕಾರನ್ನು ಬಿಸಿಲಲ್ಲಿ ಮುಚ್ಚಿ ನಿಲ್ಲಿಸಬಾರದು. ಡಾಕ್ಟರ ಚೀಟಿ ಜೇಬಿನಲ್ಲಿರಬೇಕು. ಏದುಸಿರು ಬಂತೆಂದು ನಾವೇ ಲೀಟರ್ ಏರಿಸಬಾರದು, ಕೆಲವು ರೋಗಿಗಳಿಗೆ ಹೆಚ್ಚಿನ ಆಮ್ಲಜನಕವೂ ಅಪಾಯ.

2025ರ ಫೆಬ್ರುವರಿಯ ಒಂದು ಬೆಳಿಗ್ಗೆ ಅಂಬಾರಗೋಡ್ಲು ದಡದಲ್ಲಿ ನಿಂತೆವು. ಲಾಂಚ್‌ನವರು ಕಾರಿನೊಳಗೆ ಇಣುಕಿ, 'ಅದೇನು, ಗ್ಯಾಸಾ?' ಎಂದರು. ಚೀಟಿ ತೋರಿಸಿದೆ. ಅದನ್ನು ಓದಲೂ ಇಲ್ಲ. ಮಾವನ ಮೂಗಿನ ಪೈಪ್ ನೋಡಿ ಕಾರನ್ನು ಅಂಚಿನ ಕಡೆ ನಿಲ್ಲಿಸಲು ಜಾಗ ಮಾಡಿಕೊಟ್ಟರು. ಪಕ್ಕದಲ್ಲಿ ಬೀಡಿ ಹಚ್ಚಲು ಹೊರಟಿದ್ದವರು ಕೇಳುವ ಮೊದಲೇ ಅದನ್ನು ಜೇಬಿಗೆ ಹಾಕಿಕೊಂಡರು.

ಮಾವ ಬಾಗಿಲು ತೆಗೆಸಿ, ನೀರಿನ ಕಡೆ ಕಾಲು ಚಾಚಿ ಕೂತರು. ಅತ್ತೆ ಶಾಲು ಹೊದಿಸಿದರು. ನಾನು ಮೀಟರಿನ ಮುಳ್ಳನ್ನೇ ನೋಡುತ್ತಿದ್ದೆ. ನಡುನೀರಿಗೆ ಬಂದಾಗ ಮಾವ ಕೈ ತೋರಿಸಿದರು.

'ಆ ಗುಡ್ಡದ ಕೆಳಗೆ ಕಣೋ ನಮ್ಮನೆ.'

ನನಗೆ ಕಂಡದ್ದು ನೀರು ಮಾತ್ರ. ಸ್ವಲ್ಪ ಹೊತ್ತು ಬಿಟ್ಟು, ಉಸಿರು ಕೂಡಿಸಿಕೊಂಡು, 'ಈ ನೀರಿಂದ್ಲೇ ಕರೆಂಟು. ಫೌಂಡ್ರಿ ನಡೆದದ್ದೂ ಕರೆಂಟಲ್ಲೇ, ಈಗ ನನ್ನ ಉಸಿರು ನಡೆಯೋದೂ ಕರೆಂಟಲ್ಲೇ' ಎಂದರು. ದೂರಿನ ದನಿ ಇರಲಿಲ್ಲ. ನಾನು ಮಾತ್ರ ಮೀಟರು ನೋಡುವುದನ್ನು ಮರೆತೆ. ಲಿಂಗನಮಕ್ಕಿಯ ನೀರು ನಡೆಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್ ಎಂದು ಎಷ್ಟೋ ಸಲ ವರದಿಯಲ್ಲಿ ಬರೆದಿದ್ದೇನೆ. ಅದರ ಬೆಲೆ ಕೊಟ್ಟವರು ನಮ್ಮ ಮನೆಯಲ್ಲೇ ಇದ್ದಾರೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ದೇವಿಯ ದರ್ಶನ ಆಯಿತು. ಮೂರನೇ ಸಿಲಿಂಡರ್ ತೆರೆಯದೆ ಪೀಣ್ಯಕ್ಕೆ ಮರಳಿದೆವು.

ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಮಾವ ಅದನ್ನು ಮೊಬೈಲ್‌ನಲ್ಲಿ ನೋಡಿ ನನಗೆ ಫೋನ್ ಮಾಡಿದರು.

'ಈಗ ನೀರು ದಾಟೋಕೆ ಕಾಯೋದೇ ಬೇಡ್ವಂತಲ್ಲೋ. ಸಿಲಿಂಡರ್ ಎಷ್ಟು ಬೇಕಾಗುತ್ತೆ, ಲೆಕ್ಕ ಹಾಕು.'